ತೊಡೆಮೂಳೆಗೆ ಸ್ಟೆಮ್ ಸೆಲ್: ಕುಸಿಯುವ ಮುನ್ನವೇ, ಕುಸಿದ ಮೇಲೆಯೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಕೋವಿಡ್ ಬಂದಾಗ ಸ್ಟೀರಾಯ್ಡ್ ಕೊಟ್ಟಿದ್ದರು. ಈಗ ಕೆಲವು ತಿಂಗಳಿಂದ ಬಲ ತೊಡೆಸಂದಿಯಲ್ಲಿ ನೋವು. ಚಕ್ಕಳಮಕ್ಕಳ ಹಾಕಿ ಕೂರಲು ಆಗುವುದಿಲ್ಲ. ಎಂಆರ್‌ಐ ನೋಡಿ ‘ಏವಿಎನ್’ (ರಕ್ತ ಸಿಗದೆ ಮೂಳೆ ಸಾಯುವ ತೊಂದರೆ) ಎಂದಿದ್ದಾರೆ. ಸ್ಟೆಮ್ ಸೆಲ್ ಹಾಕಿದರೆ ಸತ್ತ ಮೂಳೆ ಮತ್ತೆ ಬೆಳೆಯುತ್ತದೆ ಎಂದು ಒಬ್ಬ ವೈದ್ಯರು, ಕೀಲು ಬದಲಾಯಿಸುವುದೊಂದೇ ದಾರಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ನಿಮ್ಮ ತಮ್ಮನಿಗೆ ಯಾವುದು ಸಲ್ಲುತ್ತದೆ ಎಂಬುದು ತೊಡೆಮೂಳೆಯ ತಲೆ (ಸೊಂಟದ ಕೀಲಿನೊಳಗೆ ಕೂರುವ ಮೇಲ್ತುದಿ) ಇನ್ನೂ ದುಂಡಗೆ ಉಳಿದಿದೆಯೇ ಅಥವಾ ಕುಸಿದಿದೆಯೇ ಎಂಬುದನ್ನು ಅವಲಂಬಿಸಿದೆ. ‘ಇದು ಎಷ್ಟನೇ ಹಂತ?’ ಎಂಬುದನ್ನೇ ವೈದ್ಯರಲ್ಲಿ ಮೊದಲು ಕೇಳಿರಿ.

ಮೂಳೆಯ ಆ ಭಾಗಕ್ಕೆ ರಕ್ತ ತರುವ ನಾಳಗಳು ಬಹಳ ಸಣ್ಣವು. ಸ್ಟೀರಾಯ್ಡ್, ಅತಿಯಾದ ಮದ್ಯ ಅಥವಾ ಮುರಿತದಿಂದ ರಕ್ತ ನಿಂತರೆ ಒಳಗಿನ ಕೋಶಗಳು ಸಾಯುತ್ತವೆ. ಆದರೂ ಸತ್ತ ಮೂಳೆ ಕೂಡಲೇ ಕುಸಿಯುವುದಿಲ್ಲ. ಮೃದ್ವಸ್ಥಿಯ ಅಡಿಯಲ್ಲಿ ಬಿರುಕು ಬಿಟ್ಟು ದೇಹದ ಭಾರಕ್ಕೆ ಚಪ್ಪಟೆಯಾಗುವವರೆಗೆ ಸಿಗುವ ಕಾಲಾವಕಾಶದಲ್ಲೇ ಸ್ಟೆಮ್ ಸೆಲ್ ಚಿಕಿತ್ಸೆಗೆ ಅರ್ಥವಿದೆ.

ಸೊಂಟಪಟ್ಟಿ ಕಟ್ಟುವ ಜಾಗದ ಮೂಳೆಯ ಅಂಚಿಗೆ ಸೂಜಿ ಇಳಿಸಿ ರೋಗಿಯದೇ ಮಜ್ಜೆಯನ್ನು ತೆಗೆಯುತ್ತಾರೆ. ಒಂದೇ ಕಡೆಯಿಂದ ಹೆಚ್ಚು ಎಳೆದರೆ ಮಜ್ಜೆಗಿಂತ ರಕ್ತವೇ ಬರುವುದರಿಂದ, ನುರಿತವರು ಸೂಜಿಯನ್ನು ಸರಿಸುತ್ತ ಕೆಲವೇ ಮಿಲಿಲೀಟರಿನಂತೆ ಎಳೆಯುತ್ತಾರೆ. ಮಜ್ಜೆಯಲ್ಲಿ ಆಕರಕೋಶಗಳು (ಸ್ಟೆಮ್ ಸೆಲ್) ತೀರಾ ವಿರಳವಾದ್ದರಿಂದ ಅದನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಸಾಂದ್ರಗೊಳಿಸಿ, ತೊಡೆಮೂಳೆಯ ಪಕ್ಕದಿಂದ ಸತ್ತ ಭಾಗದವರೆಗೆ ಸಣ್ಣ ರಂಧ್ರ ಕೊರೆದು ಅಲ್ಲಿಗೇ ಬಿಡುತ್ತಾರೆ. ರಂಧ್ರದಿಂದ ಒಳಗಿನ ಒತ್ತಡ ಇಳಿಯುತ್ತದೆ. ಕೋಶಗಳು ಹೊಸ ಮೂಳೆ ಕಟ್ಟಲು, ರಕ್ತನಾಳ ಚಿಗುರಲು ನೆರವಾಗುತ್ತವೆ ಎಂಬುದು ಇದರ ಹಿಂದಿನ ತರ್ಕ.

ಫ್ರಾನ್ಸಿನ ಶಸ್ತ್ರವೈದ್ಯ ಫಿಲಿಪ್ ಎರ್ನಿಗೂ ಅವರು 2002ರಲ್ಲಿ ಪ್ರಕಟಿಸಿದ 189 ಕೀಲುಗಳ ವಿವರ ಈ ವಿಷಯದಲ್ಲಿ ಕಣ್ತೆರೆಸುವಂಥದ್ದು. ಕುಸಿಯುವ ಮುನ್ನ ಚಿಕಿತ್ಸೆ ಪಡೆದ 145 ಕೀಲುಗಳಲ್ಲಿ 9ಕ್ಕೆ ಮಾತ್ರ ಮುಂದೆ ಕೀಲು ಬದಲಾವಣೆ ಬೇಕಾಯಿತು. ಕುಸಿದ ಮೇಲೆ ಪಡೆದ 44ರಲ್ಲಿ 25ಕ್ಕೆ ಬೇಕಾಯಿತು. ಹೆಚ್ಚು ಆಕರಕೋಶ ದೊರೆತವರಲ್ಲಿ ಫಲವೂ ಹೆಚ್ಚು. ಚಿಕಿತ್ಸೆ ಪಡೆಯದವರೊಂದಿಗೆ ಹೋಲಿಸಿ ಮಾಡಿದ ಪ್ರಯೋಗ ಅದಲ್ಲ ಎಂಬುದನ್ನೂ ಹೇಳಲೇಬೇಕು. ಆದ್ದರಿಂದ ‘ಖಂಡಿತ ಬೆಳೆಯುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಎಚ್ಚರ. ಡ್ರಿಪ್ ಹಾಕಿ ರಕ್ತನಾಳದ ಮೂಲಕ ಸ್ಟೆಮ್ ಸೆಲ್ ಬಿಡುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ. ಹಾಗೆ ಬಿಟ್ಟ ಕೋಶಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಹೊಕ್ಕುಳಬಳ್ಳಿಯ ಕೋಶ, ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶ ಎಂದು ಹೇಳಿದರೆ ಅದಕ್ಕೆ ಔಷಧ ನಿಯಂತ್ರಕರ ಅನುಮತಿ ಇದೆಯೇ ಎಂದು ಲಿಖಿತವಾಗಿ ಕೇಳಿರಿ.

ಕುಸಿತ ಆಗಿಬಿಟ್ಟಿದ್ದು, ನೋವು ನಡಿಗೆಯನ್ನೇ ಕಸಿದುಕೊಂಡಿದ್ದರೆ ಕೀಲು ಬದಲಾವಣೆಗೆ ಹಿಂಜರಿಯಬಾರದು. ಆದರೆ 34ರಲ್ಲಿ ಹಾಕಿದ ಕೀಲನ್ನು ಜೀವಮಾನದಲ್ಲಿ ಮತ್ತೊಮ್ಮೆ ಬದಲಾಯಿಸಬೇಕಾಗಬಹುದು. ಆದ್ದರಿಂದಲೇ ಹಂತ ತಿಳಿಯುವುದರಲ್ಲಿ ಒಂದು ವಾರವೂ ತಡಮಾಡಬೇಡಿ. ಸ್ಟೀರಾಯ್ಡ್‌ನಿಂದ ಬಂದ ಏವಿಎನ್ ಅನೇಕರಲ್ಲಿ ಎರಡೂ ಬದಿಗೆ ಬರುತ್ತದೆ. ಆ ಎಂಆರ್‌ಐ ವರದಿಯಲ್ಲಿ ನೋವಿಲ್ಲದ ಎಡ ಕೀಲಿನ ಬಗ್ಗೆ ಏನು ಬರೆದಿದೆ ಎಂಬುದನ್ನು ಇವತ್ತೇ ತೆಗೆದು ನೋಡಿ.