ರೇಮಿ ನಾರಿನ ಬಟ್ಟೆಯ ಗುಣವೇನು, ಅದನ್ನು ಜೋಪಾನ ಮಾಡುವುದು ಹೇಗೆ?

ತಮ್ಮ ಅಂಗಿಯ ಒಳಚೀಟಿಯಲ್ಲಿ ‘ರೇಮಿ 55%, ಹತ್ತಿ 45%’ ಎಂದಿದೆ, ಇದು ಲಿನನ್ನಿನದೇ ಇನ್ನೊಂದು ಹೆಸರೇ, ನೀರಿನಲ್ಲಿ ಒಗೆಯಬಹುದೇ, ಉಳಿದೆಡೆ ಗಟ್ಟಿಯಾಗಿರುವ ಬಟ್ಟೆ ಕಾಲರ್ ಮಡಿಕೆಯಲ್ಲಿ ಮಾತ್ರ ಏಕೆ ಬಿರಿದಿದೆ ಎಂದು ಕೇಳಿದ್ದೀರಿ. ನಾನು ಕೆಲವು ವರ್ಷಗಳಿಂದ ಈ ಬಟ್ಟೆಯನ್ನು ತೊಡುತ್ತಿದ್ದೇನೆ. ಮೊದಲನೆಯ ಅಂಗಿಯನ್ನು ಅತಿಯಾದ ಶಿಸ್ತಿನಿಂದಲೇ ಕೆಡಿಸಿಕೊಂಡವನು. ಆದ್ದರಿಂದ ತಮ್ಮ ಮೂರನೆಯ ಪ್ರಶ್ನೆಯ ನೋವು ನನಗೆ ಚೆನ್ನಾಗಿ ಗೊತ್ತು.

ರೇಮಿ ಲಿನನ್ ಅಲ್ಲ. ಲಿನನ್ ಬರುವುದು ಅಗಸೆ ಗಿಡದ ಕಾಂಡದಿಂದ. ರೇಮಿ ಬರುವುದು ತುರಿಕೆ ಗಿಡದ ಕುಟುಂಬಕ್ಕೆ ಸೇರಿದ, ಆದರೆ ಮುಟ್ಟಿದರೆ ತುರಿಸದ ಬೊಹ್ಮೇರಿಯ ನೈವಿಯ ಎಂಬ ಗಿಡದ ಕಾಂಡದ ಸಿಪ್ಪೆಯಿಂದ. ಪೂರ್ವ ಏಷ್ಯಾ ಇದರ ತವರು, ಇಂದಿಗೂ ಹೆಚ್ಚು ಬೆಳೆಯುವುದು ಚೀನಾದಲ್ಲಿ. ಒಮ್ಮೆ ನೆಟ್ಟ ಬೇರಿನಿಂದಲೇ ವರ್ಷಕ್ಕೆ ಹಲವು ಸಲ ಕೊಯ್ಲು ಸಿಗುತ್ತದೆ. ಇಷ್ಟು ಧಾರಾಳವಾಗಿ ಬೆಳೆಯುವ ಗಿಡದ ಬಟ್ಟೆ ಹತ್ತಿಯಷ್ಟು ಅಗ್ಗವಾಗದಿರಲು ಕಾರಣ ಸಿಪ್ಪೆಯಲ್ಲಿರುವ ಅಂಟು. ಸಿಪ್ಪೆಯನ್ನು ಸುಲಿದು ಕೆರೆದ ಮೇಲೂ ನಾರಿಗೆ ಅಂಟಿಕೊಂಡೇ ಇರುವ ಈ ಅಂಟನ್ನು ಕಾಸ್ಟಿಕ್ ಸೋಡಾದಂತಹ ಕ್ಷಾರದಲ್ಲಿ ಕುದಿಸಿ ತೆಗೆಯದ ಹೊರತು ನುಣುಪಾದ ನೂಲು ಬರುವುದಿಲ್ಲ.

ತಮ್ಮ ಚೀಟಿಯಲ್ಲಿರುವ 55-45ರ ಲೆಕ್ಕಕ್ಕೂ ಒಂದು ಕಥೆಯಿದೆ. 1980ರ ದಶಕದ ಮೊದಲ ಭಾಗದಲ್ಲಿ ಅಮೆರಿಕವು ಹತ್ತಿ, ಉಣ್ಣೆ ಮತ್ತು ಕೃತಕ ನಾರಿನ ಉಡುಪುಗಳ ಆಮದಿಗೆ ಮಿತಿ ಹಾಕಿತ್ತು, ರೇಮಿ ಆ ಪಟ್ಟಿಯಲ್ಲಿರಲಿಲ್ಲ. ತೂಕದಲ್ಲಿ ರೇಮಿಯದೇ ಮೇಲುಗೈಯಾಗುವಂತೆ ಹತ್ತಿಯೊಂದಿಗೆ ಬೆರೆಸಿ ಹೆಣೆದ ಸ್ವೆಟರುಗಳು ಹಾಗಾಗಿ ಆ ಮಾರುಕಟ್ಟೆಗೆ ನುಗ್ಗಿದವು. 1986ರಲ್ಲಿ, ಈ ಮಿತಿಗಳಿಗೆ ಆಧಾರವಾಗಿದ್ದ ಜವಳಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವನ್ನು ನವೀಕರಿಸುವಾಗ ರೇಮಿಯನ್ನೂ ಮಿತಿಯೊಳಗೆ ತಂದರು. ಬಟ್ಟೆಯ ಬೆರಕೆಯನ್ನು ಕೆಲವೊಮ್ಮೆ ನೇಕಾರನಿಗಿಂತ ಸುಂಕದ ಕಟ್ಟೆಯೇ ನಿರ್ಧರಿಸುತ್ತದೆ.

ಈಗ ಗುಣದ ಮಾತು. ಸಸ್ಯಗಳ ನಾರುಗಳಲ್ಲಿ ರೇಮಿ ಅತ್ಯಂತ ಬಲವಾದವುಗಳಲ್ಲೊಂದು. ಅದಕ್ಕೆ ರೇಷ್ಮೆಯನ್ನು ನೆನಪಿಸುವ ಹೊಳಪಿದೆ. ಬೆವರನ್ನು ಬೇಗ ಹೀರಿ ಬೇಗ ಆರುತ್ತದೆ. ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಒಗೆದಾಗ ಹೆಚ್ಚು ಕುಗ್ಗುವುದಿಲ್ಲ. ಒದ್ದೆಯಾದಾಗ ಉಣ್ಣೆ ಮತ್ತು ಮರದ ತಿರುಳಿನಿಂದ ತಯಾರಿಸುವ ವಿಸ್ಕೋಸ್ ದುರ್ಬಲವಾದರೆ, ರೇಮಿ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಈ ಬಲವೆಲ್ಲ ಎಳೆತವನ್ನು ತಡೆಯುವ ಬಲ. ನಾರಿನೊಳಗೆ ಸೆಲ್ಯುಲೋಸ್ ಅಣುಗಳು ಉದ್ದಕ್ಕೂ ಬಿಗಿಯಾಗಿ, ಒತ್ತಾಗಿ ಜೋಡಿಸಿಕೊಂಡಿರುವುದರಿಂದ ಅದು ಹಿಗ್ಗುವುದೂ ಇಲ್ಲ, ಬಾಗಿ ಚಿಮ್ಮುವುದೂ ಇಲ್ಲ. ಆದ್ದರಿಂದಲೇ ಬೇಗ ಸುಕ್ಕಾಗುತ್ತದೆ, ಮತ್ತು ಒಂದೇ ಗೆರೆಯಲ್ಲಿ ಮತ್ತೆಮತ್ತೆ ಮಡಿಸಿದರೆ ಒಣಕಡ್ಡಿಯಂತೆ ಎಳೆಎಳೆಯಾಗಿ ಮುರಿಯುತ್ತದೆ. ತಮ್ಮ ಕಾಲರಿಗೆ ಆಗಿರುವುದು ಇದೇ.

ಕೊರಿಯಾದ ಹನ್ಸಾನ್ ಪ್ರದೇಶದ ನೇಕಾರರಿಗೆ ಇದು ಹಿಂದಿನಿಂದಲೂ ಗೊತ್ತು. ಅಲ್ಲಿ ‘ಮೋಸಿ’ ಎಂದು ಕರೆಯುವ ನವಿರಾದ ರೇಮಿಯನ್ನು ನೇಯುವ ಕಲೆಯನ್ನು 2011ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗಾಳಿ ಒಣಗಿದ್ದರೆ ಹಾಸಿನ ಎಳೆಗಳು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ತುಂಡಾಗುವುದರಿಂದ ಅವರು ತೇವವಿರುವ ಜಾಗದಲ್ಲಿ ಕುಳಿತೇ ಮಗ್ಗ ನಡೆಸುತ್ತಾರೆ. ಬಟ್ಟೆಯನ್ನು ಜೋಪಾನ ಮಾಡುವವರಿಗೂ ಸೂತ್ರ ಇದೇ: ತೇವವಿದ್ದಾಗ ರೇಮಿ ಬಾಗುತ್ತದೆ, ಒಣಗಿದಾಗ ಮುರಿಯುತ್ತದೆ.

ಹಾಗಾಗಿ ಚೀಟಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ನೀರಿನಲ್ಲಿ ಧೈರ್ಯವಾಗಿ ಒಗೆಯಿರಿ. ಉಗುರುಬೆಚ್ಚನೆಯ ನೀರು, ಸಾಧಾರಣ ಸೋಪು ಸಾಕು. ಗಾಢ ಬಣ್ಣದ್ದಾದರೆ ಮೊದಲ ಕೆಲವು ಸಲ ಪ್ರತ್ಯೇಕವಾಗಿ ಒಗೆಯುವುದು ಒಳಿತು. ಕ್ಷಾರವನ್ನು ತಡೆದುಕೊಳ್ಳುವ ನಾರು ಪ್ರಬಲ ಆಮ್ಲವನ್ನು ತಡೆಯಲಾರದು, ಆದ್ದರಿಂದ ಕಲೆ ತೆಗೆಯುವ ಆಮ್ಲೀಯ ದ್ರಾವಣಗಳಿಂದ ದೂರವಿಡಿ. ಬ್ರಷ್ಷಿನಿಂದ ಉಜ್ಜಬೇಡಿ, ತಿಕ್ಕಾಟಕ್ಕೆ ಇದರ ಎಳೆ ಬೇಗ ಸೋಲುತ್ತದೆ. ತಿರುಚಿ ಹಿಂಡದೆ ನೀರು ಇಳಿಯಲು ಬಿಟ್ಟು, ನೇಯ್ದ ಬಟ್ಟೆಯಾದರೆ ಹ್ಯಾಂಗರಿಗೆ ಹಾಕಿ ಆರಿಸಿ. ಹೆಣೆದದ್ದಾದರೆ ತನ್ನ ಭಾರಕ್ಕೇ ಜೋತುಬೀಳುವುದರಿಂದ ಸಮತಟ್ಟಾಗಿ ಹರಡಿ.

ಇಸ್ತ್ರಿ ಮಾಡುವಾಗಲೇ ನಾನು ತಪ್ಪಿದ್ದು. ರೇಮಿ ಬಿಸಿಯನ್ನು ಚೆನ್ನಾಗಿ ತಾಳುತ್ತದೆಂದು, ಪೂರ್ತಿ ಒಣಗಿದ ಅಂಗಿಗೆ ಗಂಜಿ ಹಾಕಿಸಿ, ಕಾಲರ್ ಮತ್ತು ತೋಳಿನ ಗೆರೆಗಳನ್ನು ಪ್ರತಿವಾರ ಅದೇ ಜಾಗದಲ್ಲಿ ಕತ್ತಿಯ ಅಲುಗಿನಂತೆ ಒತ್ತುತ್ತಿದ್ದೆ. ಎರಡನೆಯ ವರ್ಷ ಆ ಗೆರೆಗಳ ಉದ್ದಕ್ಕೂ ಬಟ್ಟೆ ಬಿರಿಯಿತು. ಬೆನ್ನಿನ ಭಾಗ ಹೊಸದರಂತೆಯೇ ಇತ್ತು. ಈಗ ಅಂಗಿ ಇನ್ನೂ ಹಸಿಯಾಗಿರುವಾಗಲೇ, ಗಾಢ ಬಣ್ಣವಾದರೆ ಒಳಮೈ ಮೇಲಿನಿಂದ, ಇಸ್ತ್ರಿ ಮಾಡುತ್ತೇನೆ. ಕಾಲರನ್ನು ಬಿಡಿಸಿ ಚಪ್ಪಟೆಯಾಗಿ ತೀಡಿ, ಮಡಿಕೆಯನ್ನು ಕೈಯಿಂದ ಮಾತ್ರ ಮೆತ್ತಗೆ ಬಾಗಿಸುತ್ತೇನೆ. ಗಂಜಿಯನ್ನು ಬಿಟ್ಟೇಬಿಟ್ಟೆ, ಏಕೆಂದರೆ ಅದು ಬಟ್ಟೆಯನ್ನು ಇನ್ನಷ್ಟು ಸೆಡೆಸುತ್ತದೆ, ಮೇಲಾಗಿ ಕಪಾಟಿನಲ್ಲಿ ಹುಳುಗಳನ್ನೂ ಕರೆಯುತ್ತದೆ. ಎತ್ತಿಡುವಾಗ ಮಡಿಸದೆ ತೂಗುಹಾಕುತ್ತೇನೆ, ಇಲ್ಲವೇ ಸಡಿಲವಾಗಿ ಸುರುಳಿ ಸುತ್ತುತ್ತೇನೆ.

ತಮ್ಮ ಕಾಲರ್ ಹೊರಪದರದಲ್ಲಿ ಮಾತ್ರ ಬಿರಿದಿದ್ದರೆ ಅಂಗಿಯನ್ನು ಬಿಸಾಡಬೇಕಿಲ್ಲ. ಹೊಲಿಗೆ ಬಿಚ್ಚಿಸಿ, ಕಾಲರನ್ನು ತಿರುವಿ ಮತ್ತೆ ಕೂರಿಸಿದರೆ ಗಟ್ಟಿಯಾಗಿರುವ ಮಗ್ಗುಲು ಮೇಲೆ ಬರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಒತ್ತಿ ಇಸ್ತ್ರಿ ಮಾಡಬೇಡಿರೆಂದು ದರ್ಜಿಗೆ ಮೊದಲೇ ಹೇಳಿಡಿ.