ಚೈನ್ ಹಿಡಿಯದ ಕೈ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗ ಒಪ್ಪಿದ ಮೇಲೆಯೇ ಬರೆದದ್ದು.)

"ಇವನಿಗೆ ಸ್ವಲ್ಪ ಧೈರ್ಯ ತುಂಬಿ ಕಳಿಸಿ ಮೇಡಂ, ಮೂರು ವಾರಕ್ಕೆ ಸೆಲೆಕ್ಷನ್ ಇದೆ" ಎಂದು ಆಪ್ತಸಮಾಲೋಚಕಿಯಾದ ನನಗೆ ಫೋನ್ ಮಾಡಿದವರು ಕಬಡ್ಡಿ ಕೋಚ್. ಧೈರ್ಯ ತುಂಬುವುದೆಂದರೆ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಂತೆ ಎಂದುಕೊಂಡವರು ಬಹಳ ಜನ. ಪಂಕ್ಚರ್ ಎಲ್ಲಿದೆ ಎಂದು ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಹುಡುಗನಿಗೆ 21. ಮಂಡ್ಯ ಕಡೆಯವನು, ಡಿಗ್ರಿ ಕೊನೆಯ ವರ್ಷ, ಆಡುವುದು ಲೆಫ್ಟ್ ಕಾರ್ನರ್‌ನಲ್ಲಿ. ಆ ಜಾಗದಲ್ಲಿ ನಿಂತವನ ಬಲಗೈ ಪಕ್ಕದವನ ಕೈಯಲ್ಲಿರುತ್ತದೆ. ರೈಡರ್ ಆ ಚೈನ್ ಸೀಳಿಕೊಂಡು ನುಗ್ಗಿದಾಗ ತೋಳು ಹಿಂದಕ್ಕೆ ತಿರುಚಿ ಭುಜ ಮುಂದಕ್ಕೆ ಜಾರಿತ್ತು. ಮೊದಲ ಸಲ ಅಂಗಳದಲ್ಲೇ ಸೀನಿಯರ್ ಒಬ್ಬ ಎಳೆದು ಕೂರಿಸಿದ. (ಇದನ್ನು ದಯವಿಟ್ಟು ಯಾರೂ ಮಾಡಬೇಡಿ, ನರಕ್ಕೋ ಮೂಳೆಗೋ ಪೆಟ್ಟಾದರೆ ಗೊತ್ತೇ ಆಗುವುದಿಲ್ಲ.) ಎರಡನೆಯದು ಪಂದ್ಯದಲ್ಲಿ. ಮೂರನೆಯದು ನಿದ್ದೆಯಲ್ಲಿ, ತಲೆಯಡಿ ಕೈ ಇಟ್ಟು ಮಗ್ಗುಲಾಗುವಾಗ. ಸ್ಕ್ಯಾನ್ ಮಾಡಿದಾಗ ಕೀಲಿನ ಬಟ್ಟಲಿನ ಅಂಚಿಗಿರುವ ಮೆದು ಪಟ್ಟಿ ಹರಿದಿದ್ದು ಕಂಡಿತು. ಸಣ್ಣ ರಂಧ್ರದ (ಕೀಹೋಲ್) ಮೂಲಕ ಅದನ್ನು ಮೂಳೆಗೆ ಮತ್ತೆ ಹೊಲಿದಿದ್ದರು. ಬ್ಯಾಂಕಾರ್ಟ್ ರಿಪೇರಿ ಎನ್ನುತ್ತಾರೆ. ಅದಾಗಿ ಏಳು ತಿಂಗಳು.

"ಡಾಕ್ಟ್ರು ಆರು ತಿಂಗಳು ಅಂದಿದ್ರು. ಆಯ್ತಲ್ಲ. ಆದ್ರೆ ರೈಡರ್ ಬಂದ ತಕ್ಷಣ ಕೈ ತಾನಾಗೇ ಬಿಟ್ಟೋಗುತ್ತೆ ಮೇಡಂ. ನಾನು ಬಿಡಲ್ಲ, ಅದೇ ಬಿಡುತ್ತೆ."

ನಾನು ಕಬಡ್ಡಿ ಬಿಟ್ಟು ಬಸ್ಸಿನ ಬಗ್ಗೆ ಕೇಳಿದೆ. ಸೀಟು ಸಿಗದಿದ್ದರೆ ಏನು ಮಾಡ್ತೀಯ? ಎಡಗೈಯಲ್ಲಿ ಕಂಬಿ ಹಿಡಿಯುತ್ತಾನೆ, ಇಲ್ಲವೇ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಅಂಗಿಯನ್ನು ಮೊದಲು ಬಲತೋಳಿಗೆ ತೂರಿಸುತ್ತಾನೆ. ರಾತ್ರಿ ಟವೆಲ್‌ನಿಂದ ಕೈಯನ್ನು ಎದೆಗೆ ಕಟ್ಟಿಕೊಂಡು ಮಲಗುತ್ತಾನೆ. ಭಯ ಅಂಗಳದಲ್ಲಷ್ಟೇ ಇರಲಿಲ್ಲ. ಕೋಚ್‌ಗೆ ಕಾಣುತ್ತಿದ್ದದ್ದು ಅಲ್ಲಿ ಮಾತ್ರ.

ಭುಜ ಜಾರಿದವರು ಆಟಕ್ಕೆ ಮರಳಲು ಮನಸ್ಸಿನಿಂದ ಎಷ್ಟು ಸಿದ್ಧರು ಎಂದು ಅಳೆಯಲು ಹನ್ನೆರಡು ಪ್ರಶ್ನೆಗಳ ಪಟ್ಟಿಯೊಂದಿದೆ, ಹೆಸರು ಸಿರ್ಸಿ. "ಮಾರಿಕಾಂಬಾ ಜಾತ್ರೆ ಆಗೋ ಶಿರಸಿನಾ ಮೇಡಂ?" ಎಂದು ನಕ್ಕ. ಮೊದಲ ಸಲ ನಕ್ಕಿದ್ದು ಅಲ್ಲೇ. ನೂರಕ್ಕೆ 31 ಬಂತು.

ಆಮೇಲೆ ಫಿಸಿಯೋಥೆರಪಿ ವಿಷಯ ಎತ್ತಿದೆ. ಮೂರನೇ ತಿಂಗಳಿಗೇ ಬಿಟ್ಟಿದ್ದ. "ನೋವೇ ಇರ್ಲಿಲ್ಲ. ಒಂದು ಸಲ ಹೋಗಿಬರೋಕೆ ನಾನೂರು ರೂಪಾಯಿ. ಅಪ್ಪ ಆಪರೇಷನ್‌ಗೇ ಸಾಲ ಮಾಡಿದ್ರು." ಬಲ ಕೂಡಿಸುವ ವ್ಯಾಯಾಮ ಸಾಮಾನ್ಯವಾಗಿ ಶುರುವಾಗುವುದೇ ಮೂರನೇ ತಿಂಗಳ ಹೊತ್ತಿಗೆ. ನೋವು ಹೋದದ್ದನ್ನೇ ವಾಸಿಯಾಯಿತೆಂದು ತಿಳಿದಿದ್ದ.

ಹಾಗಾಗಿ ಅವನ ಭಯ ಸುಳ್ಳಲ್ಲ ಎಂದು ನನಗನಿಸಿತು. ಆ ದಿನ ಧೈರ್ಯದ ಮಾತಾಡಿ ಕಳಿಸಿದ್ದರೆ ಅಪರಾಧವಾಗುತ್ತಿತ್ತು. ಈ ವಯಸ್ಸು, ಮೈಮೇಲೆ ಬೀಳುವ ಆಟ, ಎರಡೂ ಸೇರಿದರೆ ಹೊಲಿದ ಭುಜವೂ ಮತ್ತೆ ಜಾರುವ ಸಂಭವ ಹೆಚ್ಚು. "ನಿನ್ನ ಕೈ ನಿನಗೆ ಏನೋ ಹೇಳ್ತಿದೆ. ಅದು ನಿಜಾನೋ, ಹಳೇ ಹೆದರಿಕೆನೋ ಅಂತ ನಾನು ಹೇಳೋಕಾಗಲ್ಲ. ಅಳೆದು ನೋಡೋರ ಹತ್ರ ಹೋಗು" ಎಂದೆ.

ಸರ್ಜನ್‌ಗೆ ಕೇಳಲು ಮೂರು ಪ್ರಶ್ನೆ ಬರೆಸಿದೆ. ಬಟ್ಟಲಿನ ಮೂಳೆ ಸವೆದಿದೆಯೇ? (ಹೆಚ್ಚು ಸವೆದಿದ್ದರೆ ಬರೀ ಹೊಲಿಗೆ ಸಾಲದು; ಪಕ್ಕದ ಮೂಳೆಯ ತುಂಡು ತಂದು ಕೂರಿಸುವ ಬೇರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.) ಎರಡೂ ಕೈಗಳ ಬಲದಲ್ಲಿ ಎಷ್ಟು ವ್ಯತ್ಯಾಸ? ಕೈ ಎತ್ತಿ ಹಿಂದಕ್ಕೆ ತಿರುಗಿಸಿ ಒತ್ತಿದರೆ ಜಾರುವ ಅನುಭವ ಬರುತ್ತದೆಯೇ? ಸರ್ಜನ್ ನೋಡಿದಾಗ ಮೂಳೆ ಸರಿಯಿತ್ತು, ಹೊಲಿಗೆ ಗಟ್ಟಿಯಿತ್ತು. ಬಲಗೈಯ ಶಕ್ತಿ ಮಾತ್ರ ಎಡಗೈಯ ಮುಕ್ಕಾಲು ಭಾಗವೂ ಇರಲಿಲ್ಲ. ಎದುರಾಳಿಯ ಮೈ ತಾಗುವ ಆಟಕ್ಕೆ ಬಿಡುವ ಮುನ್ನ ಸಾಮಾನ್ಯವಾಗಿ ಶೇ. 90ರಷ್ಟಾದರೂ ಕೇಳುತ್ತಾರೆ.

ಸೆಲೆಕ್ಷನ್ ಬಿಡು ಎಂದೆ. ಅತ್ತ. ಸ್ಪೋರ್ಟ್ಸ್ ಕೋಟಾದ ಕೆಲಸ ಅಪ್ಪನ ಕನಸು, ಆಟವೇ ಬೇಡ ಎನ್ನುವುದು ಅಮ್ಮನ ಹಟ. ಇಬ್ಬರಿಗೂ ಇವನು ಹೇಳುತ್ತಿದ್ದದ್ದು "ಆರಾಮಿದೀನಿ" ಎಂದು ಮಾತ್ರ. ಅವನೆದುರೇ ಕೋಚ್‌ಗೆ ಫೋನ್ ಮಾಡಿ, ಅವನು ಒಪ್ಪಿದಷ್ಟನ್ನು ಮಾತ್ರ ಹೇಳಿದೆ. ಕೋಚ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನ ಮೊಣಕಾಲೂ ಹಿಂಗೇ ಹಾಳಾಗಿದ್ದು" ಎಂದರು.

ಮುಂದಿನ ಮೂರು ತಿಂಗಳು ಬಲ ಕೂಡಿಸುವುದು ಫಿಸಿಯೋ ಕೆಲಸ; ಹೆಚ್ಚಿನದನ್ನು ರಬ್ಬರ್ ಬ್ಯಾಂಡ್ ಕೊಟ್ಟು ಮನೆಯಲ್ಲೇ ಮಾಡಲು ಕಲಿಸಿದರು, ಓಡಾಟದ ಖರ್ಚು ಉಳಿಯಿತು. ನನ್ನ ಪಾಲಿಗೆ ಬಂದದ್ದು ಏಣಿ ಕಟ್ಟುವುದು, ಪ್ರತಿ ಮೆಟ್ಟಿಲಿಗೂ ಫಿಸಿಯೋ ಹೂಂ ಎಂದ ಮೇಲೆ. ಮೊದಲು ಟವೆಲ್ ಇಲ್ಲದೆ ನಿದ್ದೆ. ಆಮೇಲೆ ಬಸ್ಸಿನ ಕಂಬಿ, ಬಲಗೈಯಲ್ಲಿ, ಒಂದು ಸ್ಟಾಪ್‌ನಷ್ಟು ದೂರ. ನಂತರ ಗೆಳೆಯನೊಬ್ಬನ ಜೊತೆ ರೈಡರ್ ಇಲ್ಲದೆ ಚೈನ್. ಬಳಿಕ ನಡೆದು ಬರುವ ರೈಡರ್. ಯಾವ ಕಡೆ ನುಗ್ಗುತ್ತೇನೆಂದು ಮೊದಲೇ ಹೇಳುವ ರೈಡರ್. ಹೇಳದೇ ನುಗ್ಗುವವನು ಕೊನೆಗೆ. ಎಡಗೈ ಎತ್ತಿದರೆ ಎಲ್ಲರೂ ನಿಲ್ಲಬೇಕು, ಯಾಕೆ ಎಂದು ಯಾರೂ ಕೇಳಬಾರದು. ಹೇಳಿ ನುಗ್ಗುವವನ ಮೆಟ್ಟಿಲಲ್ಲಿ ಎರಡು ವಾರ ಸಿಕ್ಕಿಕೊಂಡ. ಕೆಳಗಿನ ಮೆಟ್ಟಿಲಿಗೆ ಇಳಿಸಿದೆವು, ಮತ್ತೆ ಹತ್ತಿದ.

ಸರ್ಜನ್ ಆಡಲು ಬಿಟ್ಟದ್ದು ಶಸ್ತ್ರಚಿಕಿತ್ಸೆಯಾಗಿ ಹನ್ನೊಂದನೇ ತಿಂಗಳಿಗೆ. ಸಿರ್ಸಿ ಆಗ 68. ಮೊದಲ ಪಂದ್ಯಕ್ಕೆ ಕೋಚ್ ಅವನನ್ನು ಚೈನ್‌ನಿಂದ ಬಿಡಿಸಿ, ಒಂಟಿಯಾಗಿ ಕಾಲು ಹಿಡಿಯಲು ನಿಲ್ಲಿಸಿದರಂತೆ. ಎರಡನೇ ಅರ್ಧದಲ್ಲಿ ತಾನಾಗಿಯೇ ಪಕ್ಕದವನತ್ತ ಕೈ ಚಾಚಿದೆ ಎಂದ. "ಆ ರೈಡ್‌ನಲ್ಲಿ ಪಾಯಿಂಟ್ ಹೋಯ್ತು ಮೇಡಂ. ಬೋನಸ್ ತಗೊಂಡು ಓಡೋದ."