ಯಾರೂ ನೋಡದ ಊರಿಗೆ ಬರುವ ತಮ್ಮನಿಗೆ

ತಮ್ಮಾ, ವಂದನೆಗಳು. ದುಬೈಗೆ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಆಫರ್ ಬಂದಿದೆ, ಸಂಬಳದಲ್ಲಿ ಎಷ್ಟು ಉಳಿಯುತ್ತೆ, ಚರ್ಚ್ ಇದೆಯಾ, ಅಲ್ಲಿಗೆ ಹೋದ ಹುಡುಗರು ಕೆಟ್ಟು ಹೋಗ್ತಾರೆ ಅಂತ ಅವ್ವ ಹೆದರ್ತಾಳೆ, ಪ್ರಾರ್ಥನೆ, ಬೈಬಲ್ ವಾಕ್ಯ ಅಂತ ನೀವು ಅಲ್ಲಿ ಹೇಗೆ ನಿಂತಿರಿ ಅಂತ ಕೇಳಿದ್ದೀಯ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ರೂಮ್, ಊಟ, ಬಸ್ಸು ಮೂರೂ ಕಂಪನಿಯದ್ದಾದರೆ ಉಳಿಯುತ್ತೆ. ಬಾಡಿಗೆ ನೀನೇ ಕಟ್ಟಬೇಕು ಅಂದರೆ ಇನ್ನೊಂದು ಸಲ ಯೋಚನೆ ಮಾಡು. ಏಜೆಂಟ್ ಮೂಲಕ ಬರುವುದಾದರೆ ಅವನ ಹೆಸರು ಭಾರತ ಸರ್ಕಾರದ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ಇದೆಯಾ ನೋಡು. ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ನೋಡಿಕೊಳ್ಳೋಣ ಅನ್ನುವವನಿಗೆ ಕೈ ಮುಗಿದು ಕಳಿಸು. ಉಳಿದದ್ದು ಬಂದ ಮೇಲೆ ತಾನಾಗೇ ಗೊತ್ತಾಗುತ್ತೆ.

ಚರ್ಚ್ ಇದೆ. ದುಬೈನ ಊದ್ ಮೇಥಾದಲ್ಲಿದೆ, ಜೆಬೆಲ್ ಅಲಿಯಲ್ಲಿದೆ. ಒಂದೇ ಕಟ್ಟಡದಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ಭಾಷೆಯ ಆರಾಧನೆ. ನಾನು ಬಂದ ಕಾಲಕ್ಕೆ ಇಲ್ಲಿ ಶುಕ್ರವಾರ ರಜೆ, ಹಾಗಾಗಿ ಆರಾಧನೆಯೂ ಶುಕ್ರವಾರವೇ. ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಸೈಟಿಗೆ ಹೋಗುವಾಗ, ಈ ಹೊತ್ತಿಗೆ ಊರಲ್ಲಿ ಅವ್ವ ಬಿಳಿ ಸೀರೆ ಉಟ್ಟು ಚರ್ಚಿನ ಮೆಟ್ಟಿಲು ಹತ್ತುತ್ತಿರುತ್ತಾಳೆ ಅಂತ ನೆನಪಾಗಿ ಗಂಟಲು ಕಟ್ಟುತ್ತಿತ್ತು. 2022ರಿಂದ ಶನಿವಾರ, ಭಾನುವಾರ ರಜೆ ಆಯಿತು, ನಿಮ್ಮ ಪುಣ್ಯ. ಕನ್ನಡದಲ್ಲಿ ಸಿಗದಿದ್ದರೆ ತೆಲುಗಿನವರ ಜೊತೆ ಕೂತುಕೋ, ಬಳ್ಳಾರಿಯವನಿಗೆ ತೆಲುಗು ಹೇಳಿಕೊಡಬೇಕಾ! ಆದರೆ ಬೀದಿಯಲ್ಲಿ ಕರಪತ್ರ ಹಂಚುವುದು, ಬೇರೆ ಧರ್ಮದವರಿಗೆ ಸುವಾರ್ತೆ ಹೇಳಲು ಹೋಗುವುದು ಮಾಡಬೇಡ. ಇಲ್ಲಿ ಅದು ಕಾನೂನಿಗೆ ವಿರುದ್ಧ.

ಈಗ ಅವ್ವನ ಪ್ರಶ್ನೆಗೆ ಬರ್ತೀನಿ. ಅವಳಿಗೆ ಕುಡಿತದ ಭಯ. ನನಗೆ ಬೇರೆಯದರ ಭಯ. ಊರಲ್ಲಿ ನಾವೆಲ್ಲ ಒಳ್ಳೆಯ ಹುಡುಗರಾಗಿದ್ದೆವಲ್ಲ, ಅದರಲ್ಲಿ ದೇವರ ಭಯ ಎಷ್ಟು, ಜನರ ಭಯ ಎಷ್ಟು ಅಂತ ಊರಲ್ಲಿರುವಾಗ ತಿಳಿಯಲ್ಲ. ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಯಾವ ಮೂಲೆಯಲ್ಲಿ ನಿಂತರೂ ಚಿಕ್ಕಪ್ಪನ ಗೆಳೆಯನೋ, ಸಂಡೇ ಸ್ಕೂಲ್ ಟೀಚರೋ ಎದುರಾಗುತ್ತಾರೆ, ನಾವು ಮನೆ ಸೇರುವ ಮೊದಲೇ ಸುದ್ದಿ ಸೇರಿರುತ್ತೆ. ಆ ಬೇಲಿಯೊಳಗೆ ಬೆಳೆದು ಬೇಲಿಯನ್ನೇ ವಿಶ್ವಾಸ ಅಂದುಕೊಂಡಿರುತ್ತೇವೆ. ವಿಮಾನ ಇಳಿದ ಕೂಡಲೇ ಅದು ಇಲ್ಲ. ಆರಾಧನೆಗೆ ಹೋಗದಿದ್ದರೆ ಯಾಕೆ ಬರಲಿಲ್ಲ ಅಂತ ಚರ್ಚಿನ ಅಯ್ಯನವರು ಬಾಗಿಲಿಗೆ ಬರಲ್ಲ. ರಾತ್ರಿ ಹೊದಿಕೆಯೊಳಗೆ ಫೋನಿನಲ್ಲಿ ಏನು ನೋಡ್ತೀಯ ಅಂತ ಪಕ್ಕದ ಬಂಕಿನವನಿಗೂ ಗೊತ್ತಾಗಲ್ಲ.

ಬರುವ ಮುಂಚೆ ಬೈಬಲಿನ ಆದಿಕಾಂಡ 39ನೇ ಅಧ್ಯಾಯ ನಿಧಾನವಾಗಿ ಓದು. ಯೋಸೇಫನೂ ನಮ್ಮ ಹಾಗೆ ಪರದೇಶದಲ್ಲಿ ದುಡಿಯುವ ಹುಡುಗನೇ, ಅಣ್ಣಂದಿರೇ ಮಾರಿದ್ದು ಅನ್ನುವುದೊಂದು ಬಿಟ್ಟರೆ. ಯಜಮಾನನ ಹೆಂಡತಿ ದಿನದಿನವೂ ಪೀಡಿಸಿದಳು. ಅವಳು ಬಟ್ಟೆ ಹಿಡಿದ ದಿನ ಮನೆಯೊಳಗೆ ಬೇರೆ ಯಾರೂ ಇರಲಿಲ್ಲ ಅಂತ ಅಲ್ಲೇ ಬರೆದಿದೆ. ಅಪ್ಪನಿಗೆ ಗೊತ್ತಾಗುತ್ತೆ ಅನ್ನುವ ಭಯವೇ ಇಲ್ಲ, ಅಪ್ಪ ಇವನು ಸತ್ತ ಅಂದುಕೊಂಡಿದ್ದಾನೆ. ಆದರೂ ದೇವರಿಗೆ ವಿರೋಧವಾಗಿ ಹೇಗೆ ಪಾಪ ಮಾಡಲಿ ಅಂದ. ಇನ್ನೊಂದು ಗಮನಿಸು. ಅವನು ಅಲ್ಲೇ ಮೊಣಕಾಲೂರಿ ಪ್ರಾರ್ಥನೆ ಮಾಡ್ತಾ ಕೂರಲಿಲ್ಲ. ಬಟ್ಟೆ ಅವಳ ಕೈಯಲ್ಲೇ ಬಿಟ್ಟು ಓಡಿದ. ಅದಕ್ಕೆ ಸಿಕ್ಕ ಬಹುಮಾನ ಜೈಲು! ಇದನ್ನೂ ತಿಳಿದುಕೊಂಡು ಬಾ, ಬೇಡ ಅಂದವನಿಗೆ ಕೂಡಲೇ ಒಳ್ಳೆಯದಾಗುತ್ತೆ ಅಂತ ಏನಿಲ್ಲ. ರೂಮಿನವರು ನಗ್ತಾರೆ, "ಪಾಸ್ಟರ್ ಬಂದ್ರು" ಅಂತ ಅಡ್ಡ ಹೆಸರು ಇಡ್ತಾರೆ.

ಓಡುವುದನ್ನು ನಾನು ಕಲಿತದ್ದು ತಡವಾಗಿ. ಕೆಲಸಗಾರರನ್ನು ಇಡುವ ಮೊದಲ ಕ್ಯಾಂಪಿನಲ್ಲಿ ಗುರುವಾರ ರಾತ್ರಿ ಬಂತೆಂದರೆ ಬಾಟಲಿ, ಇಸ್ಪೀಟು, ಕ್ರಿಕೆಟ್ ಇದ್ದರೆ ಫೋನಿನಲ್ಲಿ ಬೆಟ್ಟಿಂಗ್. ನಾನು ಮೇಲಿನ ಬಂಕಿನಲ್ಲಿ ಗೋಡೆ ಕಡೆ ತಿರುಗಿ, ಕರ್ತನೇ ಇದರಿಂದ ತಪ್ಪಿಸು ಅಂತ ಪ್ರಾರ್ಥಿಸುತ್ತಿದ್ದೆ. ಬಾಯಲ್ಲಿ ಪ್ರಾರ್ಥನೆ, ಕಿವಿ ಮಾತ್ರ ಕೆಳಗೆ. ಸೋತು ಹೋಗುತ್ತೇನೆ ಅನ್ನಿಸಿ ಚರ್ಚಿನ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. ಏನಾದರೂ ವಚನ ಕೊಡುತ್ತಾರೆ, ಉಪವಾಸ ಮಾಡು ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, "ರೂಮ್ ಬದಲಾಯಿಸಿ ಅಂತ ಕ್ಯಾಂಪ್ ಬಾಸ್‌ನ ಕೇಳಿದೆಯಾ?" ದೇವರನ್ನು ಕೇಳಿದ್ದೆ, ಕ್ಯಾಂಪ್ ಬಾಸ್‌ನ ಕೇಳಿರಲಿಲ್ಲ. ಶೋಧನೆಯ, ಅಂದರೆ ಪಾಪಕ್ಕೆ ಎಳೆಯುವ ಪರೀಕ್ಷೆಯ, ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಕೊಡ್ತಾನೆ ಅಂತ ಪೌಲ ಬರೆದದ್ದು 1 ಕೊರಿಂಥ 10:13ರಲ್ಲಿ ಇದೆ, ಚಿಕ್ಕಂದಿನಿಂದ ಬಾಯಿಪಾಠ. ನನಗೆ ಸಿಕ್ಕ ದಾರಿ ಎರಡನೇ ಮಹಡಿಯಲ್ಲಿ ಟಾಯ್ಲೆಟ್ ಪಕ್ಕದ ಒಂದು ಬಂಕ್. ವಾಸನೆ ಇತ್ತು. ನಿದ್ದೆಯೂ ಬಂತು.

ವಾಕ್ಯದ ವಿಷಯ. ಅಡವಿಯಲ್ಲಿ ನಲವತ್ತು ದಿನ ಉಪವಾಸ ಇದ್ದು ಹಸಿದಿದ್ದ ಯೇಸುವಿನ ಕೈಯಲ್ಲಿ ಗ್ರಂಥದ ಸುರುಳಿ ಇತ್ತು ಅಂತ ಎಲ್ಲೂ ಬರೆದಿಲ್ಲ. ಸೈತಾನ ಶೋಧಿಸಿದ ಮೂರು ಸಲವೂ ಉತ್ತರ ಬಂದದ್ದು ಧರ್ಮೋಪದೇಶಕಾಂಡದಿಂದ, 6 ಮತ್ತು 8ನೇ ಅಧ್ಯಾಯಗಳಿಂದ. ಮೊದಲೇ ಒಳಗಿದ್ದದ್ದು ಹೊರಗೆ ಬಂತು. ಆ ಹೊತ್ತಿಗೆ ಹುಡುಕೋಣ ಅಂದರೆ ಆಗಲ್ಲ. ಅದರಲ್ಲೂ ನೀನು ಬೈಬಲ್ ಆ್ಯಪ್ ತೆರೆಯಲು ಹೋದರೆ ಅದೇ ಫೋನಿನಲ್ಲಿ ಶೋಧನೆನೂ ಇರುತ್ತೆ, ಅಲ್ವಾ? ಅದಕ್ಕೇ ಕಾಗದದ ಬೈಬಲ್ ತಾ. ಜ್ಞಾನೋಕ್ತಿಯಲ್ಲಿ 31 ಅಧ್ಯಾಯ ಇವೆ, ತಾರೀಕಿಗೆ ಒಂದರಂತೆ ಓದು, ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪಿಡುವ ಕಷ್ಟ ಇಲ್ಲ. ಒಂದು ಸಲ ಗೆದ್ದೆ ಅಂತ ಮೈ ಮರೀಬೇಡ. ಸೈತಾನ ಯೇಸುವನ್ನು ಸ್ವಲ್ಪ ಕಾಲ ಮಾತ್ರ ಬಿಟ್ಟು ಹೋದ ಅಂತ ಲೂಕ ಹೇಳ್ತಾನೆ.

ಅಂದಹಾಗೆ ಯೇಸುವನ್ನು ಶೋಧಿಸುವಾಗ ಸೈತಾನನೂ 91ನೇ ಕೀರ್ತನೆ ಹೇಳಿದ್ದಾನೆ, ಮರೀಬೇಡ. ಇಲ್ಲಿನ ಪ್ರಾರ್ಥನಾ ಗುಂಪೊಂದರಲ್ಲೇ ಒಬ್ಬರು "ಬೇಡಿಕೊಳ್ಳಿರಿ, ನಿಮಗೆ ದೊರೆಯುವುದು" ಅಂತ ಹೇಳಿ ದುಡ್ಡು ದುಪ್ಪಟ್ಟು ಮಾಡುವ ಸ್ಕೀಮಿಗೆ ಜನ ಸೇರಿಸುತ್ತಿದ್ದರು. ವಚನ ಸರಿ, ಬಾಯಿ ಸರಿ ಇರಲಿಲ್ಲ. ಸಂಬಳದ ಸ್ಲಿಪ್ ಬಂದ ಮೇಲೆ ಕ್ರೆಡಿಟ್ ಕಾರ್ಡ್ ಕೊಡ್ತೀವಿ ಅಂತ ಫೋನ್ ಬರುತ್ತೆ, ಅದೂ ಶೋಧನೆಯೇ. ಕುಡಿತಕ್ಕಿಂತ ಸಾಲದಲ್ಲಿ ಮುಳುಗಿದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಊರಲ್ಲಿ ತೋರಿಸಿಕೊಳ್ಳಬೇಕು ಅನ್ನುವ ಆಸೆ, ಅಷ್ಟೇ.

ಒಬ್ಬನೇ ಪ್ರಾರ್ಥನೆ ಮಾಡಿಕೊಳ್ತೀನಿ ಅನ್ನಬೇಡ. ಸೆರೆಯಾಗಿ ಬಾಬೆಲಿಗೆ ಹೋದ ದಾನಿಯೇಲನ ಜೊತೆಗೂ ಮೂವರು ಗೆಳೆಯರಿದ್ದರು. ನೀನೂ ಒಬ್ಬನನ್ನಾದರೂ ಹುಡುಕಿಕೋ, ಇವತ್ತು ಹೇಗಿದ್ದೆ ಅಂತ ಮುಖ ನೋಡಿ ಕೇಳುವವನು ಬೇಕು. ಮನೆಯ ಕುಟುಂಬ ಪ್ರಾರ್ಥನೆ ಬಿಡಬೇಡ. ಊರಲ್ಲಿ ರಾತ್ರಿ ಎಂಟು ಅಂದರೆ ಇಲ್ಲಿ ಸಂಜೆ ಆರೂವರೆ, ಆ ಹೊತ್ತಿಗೆ ಸೈಟಿನ ಬಸ್ಸಿನಲ್ಲಿದ್ದರೂ ಇಯರ್‌ಫೋನ್ ಹಾಕಿಕೊಂಡು ಕೇಳು. ವಾಟ್ಸಾಪ್ ಕಾಲ್ ಇಲ್ಲಿ ಹೋಗಲ್ಲ, ಅವ್ವನ ಫೋನಿಗೆ ಬೋಟಿಮ್ ಅನ್ನುವ ಕಾಲಿಂಗ್ ಆ್ಯಪ್ ಈಗಲೇ ಹಾಕಿಕೊಡು.

ಪ್ರಾರ್ಥನೆ ಕನ್ನಡದಲ್ಲೇ ಮಾಡು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಸಮುದ್ರ ದಾಟಿ ನಮ್ಮ ಬಳ್ಳಾರಿಗೆ ಬಂದು, ಆ ಬಿಸಿಲಲ್ಲಿ ಕೂತು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದವರಲ್ಲಿ ಒಬ್ಬರು. ಬಳ್ಳಾರಿಯವನಿಗೆ ಇದು ಹೆಮ್ಮೆ ಅಲ್ವಾ? ನನ್ನ ಮಕ್ಕಳು ಇಲ್ಲೇ ಹುಟ್ಟಿದವರು, "ಪರಲೋಕದಲ್ಲಿರುವ ನಮ್ಮ ತಂದೆಯೇ" ಬಾಯಲ್ಲಿ ಹೇಳ್ತಾರೆ, ಅಕ್ಷರ ಓದಲು ಬರಲ್ಲ. ಮನೆ, ಕಾರು ಎಲ್ಲ ಆಯಿತು, ಈ ಕೊರಗು ಹೋಗಿಲ್ಲ. ಡಿಸೆಂಬರಿನಲ್ಲಿ ಇದು ಜಾಸ್ತಿ, ಕ್ಯಾರಲ್ಸ್‌ಗೆ ಮನೆಮನೆ ತಿರುಗಿ ನಡುರಾತ್ರಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದದ್ದೆಲ್ಲ ನೆನಪಾಗುತ್ತೆ.

ಸೂಟ್‌ಕೇಸಿಗೆ ಅವ್ವ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಹಾಕಲಿ. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ, ಇಲ್ಲಿ ಅದು ನಿಷೇಧ, ಜೈಲಿಗೂ ಹೋಗಬೇಕಾದೀತು. ಡಾಕ್ಟರ್ ಬರೆದ ಮಾತ್ರೆ ಇದ್ದರೆ ಇಲ್ಲಿ ತರಬಹುದಾ ಅಂತ ಮೊದಲೇ ವಿಚಾರಿಸು. ಟಿಕೆಟ್ ಆದ ಮೇಲೆ ದಿನ ತಿಳಿಸು, ಮೊದಲ ಭಾನುವಾರ ನಿನ್ನ ಕ್ಯಾಂಪಿನ ಗೇಟಿಗೆ ಕಾರು ತರ್ತೀನಿ. ಬೇಗ ರೆಡಿಯಾಗಿರು, ತಡವಾದರೆ ಜೆಬೆಲ್ ಅಲಿಯಲ್ಲಿ ಪಾರ್ಕಿಂಗ್ ಸಿಗಲ್ಲ.